ಬೆನ್ನಿಗೆ ಹಾಕಿದ ಆಸಿಡ್ ಮತ್ತು ಮೂರು ಬಾಟಲಿ ರಕ್ತ

ಎಲ್ಲರೂ ಟೈಲರಕ್ಕ ಎಂದು ಕರೆಯುವ ನಾನು, ವಯಸ್ಸು ನಲವತ್ನಾಲ್ಕು, ಕಸುಬು ಹೊಲಿಗೆ, ವಾಸ ಬಸ್ ನಿಲ್ದಾಣದ ಹಿಂದಿನ ಓಣಿ, ಸದ್ಯ ಆಸ್ಪತ್ರೆಯ ಹೆಂಗಸರ ವಾರ್ಡು, ಮಹಿಳಾ ಪೇದೆಯವರ ಮುಂದೆ ಈ ಮೂಲಕ ತಿಳಿಸುವುದೇನೆಂದರೆ, ನಿನ್ನೆ ಠಾಣೆಗೆ ಹೋಗಿ ವೈದ್ಯರ ಮೇಲೆ ದೂರು ಕೊಟ್ಟವಳು ನಾನೇ. ಆಮೇಲೆ ನಡೆದದ್ದನ್ನೂ ಸೇರಿಸಿ ಮೊದಲಿನಿಂದ ಹೇಳುತ್ತಿದ್ದೇನೆ.

ಲಾರಿ ಓಡಿಸುವ ನನ್ನ ತಮ್ಮನಿಗೆ ಸೊಂಟದ ಹತ್ತಿರ ನರ ಒತ್ತಿಕೊಂಡು ಬಲಗಾಲು ಜೋಮು ಹಿಡಿದಿತ್ತು. ಬೆನ್ನುಮೂಳೆಗೆ ಸ್ಕ್ರೂ ಹಾಕದಿದ್ದರೆ ಕಾಲು ಸ್ವಾಧೀನ ತಪ್ಪುತ್ತದೆಂದು ವೈದ್ಯರು ತಿಳಿಸಿ, ಮೂರು ಬಾಟಲಿ ರಕ್ತ ಹೊಂದಿಸಲು ಹೇಳಿದರು. ನನ್ನ ಗಂಡ, ಲಾರಿ ಮಾಲೀಕರು ಮತ್ತು ಪಕ್ಕದ ಮನೆಯ ವೆಲ್ಡರ್ ಕೊಟ್ಟರು. ನಾನೂ ತೋಳು ಚಾಚಿದೆ. ರಕ್ತನಿಧಿಯವನು ಬೆರಳಿಗೆ ಚುಚ್ಚಿ ನೋಡಿ, "ನಿಮ್ಮಲ್ಲೇ ರಕ್ತ ಇಲ್ಲ, ಡಾಕ್ಟ್ರಿಗೆ ತೋರಿಸ್ಕೊಳ್ಳಿ" ಎಂದು ಕಳಿಸಿದ. ನನ್ನ ಬಾಯಿ ಜೋರು ಎಂದು ಗೊತ್ತಾಗಿ ದೂರ ಇಡುತ್ತಿದ್ದಾರೆಂದು ನನಗೆ ಅನುಮಾನ ಬಂತು.

ನಿನ್ನೆ ಬೆಳಿಗ್ಗೆ ತಮ್ಮನನ್ನು ಒಳಗೆ ಕರೆದೊಯ್ದವರು ಮಧ್ಯಾಹ್ನ ಹೊರತಂದರು. ಪಕ್ಕದಲ್ಲಿ ಬರೀ ಸಲೈನ್ ನೇತಾಡುತ್ತಿತ್ತು. ಬಟ್ಟೆ ಕತ್ತರಿಸಿದರೆ ಕೆಳಗೆ ಚೂರು ಬೀಳಲೇಬೇಕು. ಬೆನ್ನು ಸೀಳಿಯೂ ರಕ್ತ ಬೇಡವಾಯಿತು ಎಂದರೆ ಯಾರು ನಂಬುತ್ತಾರೆ? ನರ್ಸನ್ನು ಕೇಳಿದೆ. "ಬೇಕಾಗ್ಲಿಲ್ಲ ಅಕ್ಕಾ, ಟ್ರಾನೆಕ್ಸಾಮಿಕ್ ಆಸಿಡ್ ಕೊಟ್ಟಿದ್ರಲ್ಲ" ಎಂದಳು. ಹೆಸರಿನ ಮೊದಲರ್ಧ ಕಿವಿಯಲ್ಲಿ ನಿಲ್ಲಲಿಲ್ಲ, ಆಸಿಡ್ ನಿಂತಿತು. ಪಾಯಿಖಾನೆ ತೊಳೆಯುವುದನ್ನು ಸುರಿದು ಬೆನ್ನು ಸುಟ್ಟಿದ್ದಾರೆ, ಮೂರು ಬಾಟಲಿಯನ್ನೂ ಮಾರಿಕೊಂಡಿದ್ದಾರೆ ಎಂದುಕೊಂಡೆ. "ಸುಮ್ನಿರೇ, ಎಲ್ಲದಕ್ಕೂ ಅನುಮಾನ ನಿಂಗೆ" ಎಂದರು ನನ್ನ ಗಂಡ. ಸುಮ್ಮನಿರುವುದು ನನ್ನ ಹುಟ್ಟುಗುಣವಲ್ಲ. ನೆಟ್ಟಗೆ ಠಾಣೆಗೆ ಹೋದೆ.

ಸಂಜೆ ಪೇದೆಯವರೊಂದಿಗೆ ಆಸ್ಪತ್ರೆಗೆ ಬಂದಾಗ ವೈದ್ಯರು ಸಿಟ್ಟಾಗಲಿಲ್ಲ. ಅದರಿಂದ ನನ್ನ ಅನುಮಾನ ಇನ್ನೂ ಹೆಚ್ಚಿತು. ಅದು ಸುಡುವ ಆಸಿಡ್ ಅಲ್ಲವೆಂದೂ, ಹೆಪ್ಪುಗಟ್ಟಿದ ರಕ್ತವನ್ನು ಮೈ ತಾನೇ ಕರಗಿಸದಂತೆ ತಡೆಯುವ ಔಷಧಿಯೆಂದೂ, ಕೊಯ್ಯುವ ಮೊದಲೇ ರಕ್ತನಾಳಕ್ಕೆ ಕೊಟ್ಟಿದ್ದರಿಂದ ರಕ್ತ ಕಡಿಮೆ ಹೋಯಿತೆಂದೂ ತಿಳಿಸಿದರು. ಬಾಟಲಿಗಳನ್ನು ತೋರಿಸಿ ಎಂದೆ. ರಕ್ತನಿಧಿಯ ಫ್ರಿಜ್ಜಿನಲ್ಲಿ ಮೂರೂ ಇದ್ದವು. ಔಷಧಿಯ ಖಾಲಿ ಸೀಸೆಯನ್ನೂ ತೋರಿಸಿ ಎಂದೆ. ಅದನ್ನು ಓದಲು ಚೀಲದಿಂದ ಕನ್ನಡಕ ಎಳೆದಾಗ ಒಂದು ಮಾತ್ರೆ ಹಾಳೆ ಕೆಳಗೆ ಬಿತ್ತು. ಪೇದೆಯವರು ಎತ್ತಿಕೊಂಡು, ಸೀಸೆಯ ಪಕ್ಕ ಹಿಡಿದು, "ಅಕ್ಕಾ, ಎರಡ್ರ ಮೇಲೂ ಒಂದೇ ಹೆಸರಿದೆ" ಎಂದರು.

ಅವು ತಿಂಗಳ ಮುಟ್ಟಿನಲ್ಲಿ ರಕ್ತ ವಿಪರೀತ ಹೋಗುತ್ತದೆಂದು ಮೆಡಿಕಲ್ ಅಂಗಡಿಯವನು ಕೊಟ್ಟ ಮಾತ್ರೆಗಳು. ಎಂಟು ತಿಂಗಳಿಂದ ಆ ಆಸಿಡ್ಡನ್ನು ನಾನೇ ನುಂಗುತ್ತಿದ್ದೆ. ನಾಚಿಕೆಯಾಯಿತು.

ವೈದ್ಯರು ತಮ್ಮನ ವಿಷಯ ಬಿಟ್ಟು ನನ್ನನ್ನು ಹಿಡಿದುಕೊಂಡರು. ಕಣ್ಣಿನ ರೆಪ್ಪೆ ಕೆಳಗೆಳೆದು ನೋಡಿ, ಅಷ್ಟು ರಕ್ತ ಹೋಗಲು ಕಾರಣವೇನೆಂದು ಯಾರಾದರೂ ಪರೀಕ್ಷಿಸಿದ್ದಾರೆಯೇ ಎಂದು ಕೇಳಿದರು. ಇಲ್ಲವೆಂದೆ. ರಕ್ತ ಪರೀಕ್ಷೆಯಾದ ಮೇಲೆ, "ತಮ್ಮನಿಗಲ್ಲ ತಾಯಿ, ರಕ್ತ ಬೇಕಾಗಿರೋದು ನಿಮಗೆ" ಎಂದರು. ತಮ್ಮನಿಗೆಂದು ಇಟ್ಟಿದ್ದ ಬಾಟಲಿಯಲ್ಲೊಂದು ನನ್ನ ರಕ್ತಕ್ಕೆ ಹೊಂದುತ್ತದೆಯೇ ಎಂದು ಪರೀಕ್ಷಿಸಿ ಇಂದು ನನಗೆ ಹಾಕಿದ್ದಾರೆ. ಈಗಲೂ ಹನಿ ಬೀಳುತ್ತಿದೆ. ಕಣ್ಣು ಮುಚ್ಚದೆ ಅದನ್ನೇ ಕಾಯುತ್ತಿದ್ದೇನೆ, ನಂಬಿಕೆ ಇನ್ನೂ ಪೂರ್ತಿ ಬಂದಿಲ್ಲ.

ಇಂದು ಬೆಳಿಗ್ಗೆ ತಮ್ಮ ಬಲಗಾಲಿನ ಬೆರಳು ಆಡಿಸಿದನಂತೆ. "ಪೊಲೀಸ್ರು ಬಿಟ್ರೆ ಅಕ್ಕನ್ನ ಕರ್ಕೊಂಡ್ ಬನ್ನಿ" ಎಂದು ಹೇಳಿಕಳಿಸಿದ್ದಾನೆ. ಆದ್ದರಿಂದ ವೈದ್ಯರ ಮೇಲಿನ ದೂರನ್ನು ಹಿಂಪಡೆಯುತ್ತೇನೆ.

ಒಂದು ವಿಷಯ ಮಾತ್ರ ಹಿಂಪಡೆಯುವುದಿಲ್ಲ. ಬಾಟಲಿ ನೇತುಹಾಕುವಾಗ ನನ್ನ ಗಂಡ ಎಲ್ಲರೆದುರು, "ಇಷ್ಟೆಲ್ಲಾ ಇದ್ರೂ ನಂಗೊಂದು ಮಾತು ಹೇಳ್ಬಾರ್ದಿತ್ತಾ?" ಎಂದು ಕೇಳಿದರು. ಹೇಳಿದ್ದೆ. ಊಟಕ್ಕೆ ಬಡಿಸುವಾಗ ಒಮ್ಮೆ, ಹೊಲಿಗೆ ಯಂತ್ರದ ಮುಂದಿನಿಂದ ಏಳಲಾಗದೆ ಕೂತಾಗ ಇನ್ನೊಮ್ಮೆ. ಅದು ಹೆಂಗಸರ ವಿಷಯವೆಂದು ಎರಡು ಸಲವೂ ಟಿ.ವಿ. ಸದ್ದು ಏರಿಸಿದರು. ಇದನ್ನು ಬರೆದುಕೊಂಡು, ಕಾಲ ಬಳಿ ಕೂತಿರುವ ಅವರ ಎದುರಿಗೇ ಓದಬೇಕೆಂದು ಕೋರುತ್ತೇನೆ.

ಮೇಲಿನದೆಲ್ಲವನ್ನೂ ಪೇದೆಯವರು ಗಟ್ಟಿಯಾಗಿ ಓದಿದರು. ನಾನು ಕೇಳಿದೆ. ನನ್ನ ಗಂಡನೂ ಕೇಳಿದರು. ಸರಿಯಿದೆ.

ಸ್ಥಳ: ಹೆಂಗಸರ ವಾರ್ಡು
ದಿನಾಂಕ: ತಮ್ಮನ ಶಸ್ತ್ರಚಿಕಿತ್ಸೆಯ ಮರುದಿನ
ಸಹಿ: ಬಲಗೈಗೆ ಸೂಜಿ ಇರುವುದರಿಂದ ಎಡಗೈ ಹೆಬ್ಬೆಟ್ಟು