ಅಜ್ಜನ ಹೆಸರಿಗೆ ಮೊಮ್ಮಗನನ್ನು ಹಿಡಿದೊಯ್ದ ಬಗ್ಗೆ

ಹೆಸರು ರತ್ನವ್ವ, ಗಂಡ ದಿವಂಗತ ಹುಚ್ಚೀರಪ್ಪ (ಗಂಡನ ಹೆಸರನ್ನು ಆಧಾರ್ ಕಾರ್ಡ್ ನೋಡಿ ಬರೆದುಕೊಳ್ಳಲಾಗಿದೆ), ವಯಸ್ಸು 66, ಉದ್ಯೋಗ ಕೈಮಗ್ಗದ ನೇಕಾರಿಕೆ, ವಾಸ ಬೆಟಗೇರಿ. ಪೊಲೀಸ್ ಮೇಲಧಿಕಾರಿಗಳ ಕಚೇರಿಗೆ ನಾನಾಗಿಯೇ ಬಂದು ಬರೆಸುವುದೇನೆಂದರೆ,

ಮನೆಯಲ್ಲಿ ನಾನು ಮತ್ತು ಮೊಮ್ಮಗ ಅಪ್ಪು ಇಬ್ಬರೇ. ಅವನ ತಂದೆತಾಯಿ ಇಲ್ಲ. ನನ್ನ ಗಂಡ ತೀರಿಕೊಂಡ ಮರುವರ್ಷ ಅವನು ಹುಟ್ಟಿದ್ದರಿಂದ ರೂಢಿಯಂತೆ ತೊಟ್ಟಿಲಲ್ಲಿ ಅಜ್ಜನ ಹೆಸರನ್ನೇ ಇಟ್ಟೆವು. ಗಂಡನ ಹೆಸರು ನನ್ನ ಬಾಯಲ್ಲಿ ಬರುವಂತಿಲ್ಲವಾಗಿ ನಾನು ಅಪ್ಪು ಎಂದು ಕರೆದೆ. ಓಣಿಯವರೆಲ್ಲ ಅದನ್ನೇ ಹಿಡಿದರು. ಇನ್ನೊಂದು ಹೆಸರಿದೆ ಎಂಬುದು ಶಾಲೆಯವರನ್ನು ಬಿಟ್ಟರೆ ಹೆಚ್ಚಿನವರಿಗೆ ಗೊತ್ತೇ ಇಲ್ಲ.

ಮನೋಹರ ಎಂಬುವನು ನನ್ನ ಗಂಡನ ಹತ್ತಿರ ಮಗ್ಗ ಕಲಿತವನು. ಈಗ ಬೇರೆ ರಾಜ್ಯದಲ್ಲಿ ಪವರ್‌ಲೂಮಿನ ಕೆಲಸದಲ್ಲಿದ್ದಾನೆ. ಅಲ್ಲಿ ಬಾಂಬ್ ಸಿಡಿದ ಪ್ರಕರಣದಲ್ಲಿ ಇದೇ ತಿಂಗಳ 3ರಂದು ಅಲ್ಲಿಯ ಪೊಲೀಸರು ಅವನನ್ನು ಹಿಡಿದರು. 9ರಂದು ಬೆಳಿಗ್ಗೆ 11ಕ್ಕೆ ನಮ್ಮ ಠಾಣೆಯವರು ಮನೆಗೆ ಬಂದು ನನ್ನ ಗಂಡನ ಹೆಸರು ಹಿಡಿದು ಕೇಳಿದರು. ತೀರಿಹೋಗಿದ್ದಾರೆ ಎನ್ನುವಷ್ಟರಲ್ಲಿ ಅಪ್ಪು ಮಗ್ಗದಿಂದ ಎದ್ದು ಬಂದು ತನ್ನ ಹೆಸರೂ ಅದೇ ಎಂದು ಹೇಳಿದನು. ಹುಡುಗನಿಗೆ ಸುಳ್ಳು ಹೇಳುವುದನ್ನು ನಾನು ಕಲಿಸಿರಲಿಲ್ಲ. ಕಲಿಸಬೇಕಿತ್ತು. ಅಂಗಿ ಹಾಕಿಕೊಳ್ಳಲೂ ಬಿಡದೆ ಜೀಪಿಗೆ ಹತ್ತಿಸಿದರು.

12ರಂದು ಮನೋಹರನನ್ನು ಬಿಟ್ಟರು. ಮರುದಿನ ಅವನು ನನ್ನ ಮನೆಗೆ ಬಂದನು. ನೀರು ಕೊಟ್ಟರೆ ತಂಬಿಗೆಯನ್ನು ಎರಡೂ ಅಂಗೈಗಳ ನಡುವೆ ಹಿಡಿದನು, ಬೆರಳು ಮಡಚುತ್ತಿರಲಿಲ್ಲ. ಅವನು ಹೇಳಿದ್ದನ್ನು ಹಾಗೆಯೇ ಬರೆದುಕೊಳ್ಳಲು ಕೇಳಿಕೊಂಡಿದ್ದೇನೆ: "ಒಂದು ಹೆಸರು ಹೇಳೂಮಟಾ ಬಿಡಲಿಲ್ಲ ಚಿಗವ್ವಾ. ಬದುಕಿದ್ದವರ ಹೆಸರು ಹೇಳಾಕ ಮನಸ್ಸು ಒಪ್ಪಲಿಲ್ಲ. ಸತ್ತವರನ್ನ ಯಾರು ಹಿಡೀತಾರ ಅಂತ ಕಾಕಾನ ಹೆಸರು ಹೇಳಿದ್ನಿ."

ಅಪ್ಪುವಿನ ಹೆಸರೂ ಅದೇ ಎಂದು ನಾನೇ ತಿಳಿಸಬೇಕಾಯಿತು. ಅವನು ಬಾಗಿಲ ಚೌಕಟ್ಟಿಗೆ ತಲೆ ಚಚ್ಚಿಕೊಂಡು ಅತ್ತನು. ಕೈಯಿಂದ ತಿನ್ನಲು ಅವನಿಗೆ ಆಗದ ಕಾರಣ ರೊಟ್ಟಿ ಮುರಿದು ನಾನೇ ಉಣ್ಣಿಸಿದೆ.

ಅದೇ ದಿನ ಇಬ್ಬರೂ ಠಾಣೆಗೆ ಹೋಗಿ, ಏಟು ತಪ್ಪಿಸಿಕೊಳ್ಳಲು ಹೇಳಿದ ಹೆಸರು ಅದು, ಹುಡುಗನನ್ನು ಬಿಡಿರೆಂದು ಕೇಳಿದೆವು. ಅಲ್ಲಿಯ ಸಾಹೇಬರು, "ಹೊಡದವರು ನಾವಲ್ಲ ಯವ್ವಾ. ಅವರು ಮಾಹಿತಿ ಕಳಿಸ್ಯಾರ, ನಾವು ಹಿಡದೀವಿ. ಹೆಂಗ ಹೇಳಿಸಿದ್ರು ಅಂತ ಕೇಳೂದು ನಮಗ ಬರೂದಿಲ್ಲ," ಎಂದರು. ಕೇಳಿದ್ದರೆ ನಿಮ್ಮ ಗಂಟೇನು ಹೋಗುತ್ತಿತ್ತು ಎಂದೆ.

ಇಂದು ಬುತ್ತಿ ಕಟ್ಟಿಕೊಂಡು ಠಾಣೆಗೆ ಹೋದಾಗ, ಅಪ್ಪುವನ್ನು ಆ ರಾಜ್ಯದವರು ಮೊನ್ನೆಯೇ ಒಯ್ದರೆಂದು ತಿಳಿಯಿತು. ಅವನು ಬಾಯಿ ಬಿಟ್ಟಿದ್ದಾನೆ, ಒಂದು ಹೆಸರು ಹೇಳಿದ್ದಾನೆ, ನಾಳೆ ಆ ಮನೆಗೆ ಹೋಗುವವರಿದ್ದೇವೆ ಎಂದು ಪೇದೆಯೊಬ್ಬರು ಹೇಳಿದರು. ಯಾರ ಹೆಸರೆಂದು ಹೇಳಲಿಲ್ಲ.

ನನ್ನ ಕೂಸಿಗೆ ಯಾರ ವಿಷಯವೂ ಗೊತ್ತಿಲ್ಲ. ಎಷ್ಟು ನೋವಾದ ಮೇಲೆ ಆ ಹೆಸರು ಹೇಳಿದನೋ. ಅವನನ್ನು ಬಿಡಿಸಿಕೊಡಿ ಎಂದು ಕೇಳಲು ಬಂದವಳು ನಾನು. ಅದಕ್ಕೂ ಮೊದಲು ಕೈಮುಗಿದು ಕೇಳುತ್ತೇನೆ, ನಾಳೆ ಆ ಮನೆಗೆ ಹೋಗಬೇಡಿ.

ಬರೆದದ್ದನ್ನು ಓದಿ ಹೇಳಿದರು. ನಾನು ಹೇಳಿದ್ದೇ ಇದೆ, ಎಲ್ಲವೂ ಖರೆ. ಇದನ್ನು ನನ್ನಿಂದ ಯಾರೂ ಹೊಡೆದು ಹೇಳಿಸಿಲ್ಲ.

ಸ್ಥಳ: ಗದಗ
ದಿನಾಂಕ: 16-11-2024
ರತ್ನವ್ವ (ಎಡಗೈ ಹೆಬ್ಬೆರಳಿನ ಗುರುತು)