ಒಂದೇ ಸಾಲಿನಲ್ಲಿ ನೂರಿಪ್ಪತ್ತು ಹೆಸರು

ಪ್ರಾಂಶುಪಾಲರೇ, ಮುಂದಿನ ಸಾಲಿನಲ್ಲಿ ಕುಳಿತಿರುವ ಅಕ್ಕಾವ್ರೇ, ಮಗಳೇ, ಸಹೋದ್ಯೋಗಿ ಬಂಧುಗಳೇ — ನಿಮ್ಮೆಲ್ಲರಿಗೂ ನಮಸ್ಕಾರ.

ಸಂಖ್ಯಾಶಾಸ್ತ್ರ ವಿಭಾಗದಲ್ಲಿ ನಾನೂ, ನಾವಿಂದು ನೆನೆಯಲು ಸೇರಿರುವ ಈ ಗೆಳೆಯರೂ ಇಪ್ಪತ್ತಾರು ವರ್ಷ ಒಂದೇ ಮೇಜಿಗೆ ಕುಳಿತವರು. ಅವರದು ತುಂಬು ಬಾಳು. ಅತ್ತು ಕಳಿಸಿದರೆ ಬೈದಾರು. ಆದ್ದರಿಂದ ಅಳುವುದಿಲ್ಲ — ಒಂದು ತಪ್ಪನ್ನು ಒಪ್ಪಿಕೊಳ್ಳುತ್ತೇನೆ.

ಕಂಪ್ಯೂಟರ್ ಪ್ರೋಗ್ರಾಂ ಬರೆಯುವಾಗ ಅವರದು ಒಂದೇ ಹಟ: ಯಂತ್ರಕ್ಕೆ ಒಪ್ಪಿಸಬಹುದಾದ ಪುನರಾವರ್ತನೆಯನ್ನು ಮನುಷ್ಯ ಮಾಡಬಾರದು. ನಾನು ಹೆಸರುಗಳನ್ನು ಒಂದೊಂದಾಗಿ ಟೈಪ್ ಮಾಡುತ್ತಿದ್ದರೆ ಹಿಂದೆ ಬಂದು ನಿಲ್ಲುವರು — ಹೀಗೆ, ಕೈಕಟ್ಟಿ.

“ಏನ್ ಮೇಷ್ಟ್ರೇ, ಇಂಪೊಸಿಷನ್ನಾ? ಯಾರು ಕೊಟ್ರು ಶಿಕ್ಷೆ?”

ಆಮೇಲೆ ಒಂದೇ ಸಾಲಿನ ಆಜ್ಞೆ ಬರೆದು ತೋರಿಸುವರು. ಪರದೆಯ ತುಂಬ ಹೆಸರು. ಅಷ್ಟಕ್ಕೇ ಬಿಡುತ್ತಿರಲಿಲ್ಲ. ಮೊದಲ ಆರು, ಕೊನೆಯ ಆರು ಹೆಸರುಗಳನ್ನು ಕಾಗದದ ಕಟ್ಟಿನೊಡನೆ ಹೋಲಿಸಿ ಗಟ್ಟಿಯಾಗಿ ಓದಬೇಕು. “ತಲೆ ಎಣಿಸಿದ್ರೆ ಆಗ್ಲಿಲ್ಲ ಮೇಷ್ಟ್ರೇ, ಯಾರ ತಲೆ ಅಂತ ನೋಡ್ಬೇಕು.”

ನಲವತ್ತು ಶಾಲೆಗಳ ಮಕ್ಕಳ ಕಣ್ಣಿನ ತಪಾಸಣೆಯ ಮಾಹಿತಿ ನಮ್ಮ ಕೈಗೆ ಬಂತು. ಶಾಲೆಗೆ ಮೂರು ತರಗತಿ — ಎ, ಬಿ, ಸಿ. ಪ್ರತಿ ತರಗತಿಯ ಕಾಗದದ ಕಟ್ಟಿಗೆ ಒಂದು ಹೆಸರು, ಒಟ್ಟು ನೂರಿಪ್ಪತ್ತು ಹೆಸರು. ಕಾಗದಗಳು ಬಂದ ಕ್ರಮ: ಮೊದಲ ಶಾಲೆಯ ಎ ತರಗತಿ, ಅಂದರೆ ಒಂದು ಎ; ಆಮೇಲೆ ಒಂದು ಬಿ, ಒಂದು ಸಿ, ಎರಡು ಎ. ಅಂದರೆ ಪ್ರತಿ ಶಾಲೆಯನ್ನೂ ಮೂರು ಸಲ ಹೇಳಿಯೇ ಮುಂದಕ್ಕೆ ಹೋಗಬೇಕು. ನನ್ನ ಆಜ್ಞೆಯೋ, ನಲವತ್ತು ಶಾಲೆಗಳ ಇಡೀ ಸರಣಿಯನ್ನೇ ಮೂರು ಸಲ ಉರುಳಿಸಿತು: ಒಂದು ಎ, ಎರಡು ಎ, ಮೂರು ಎ. ಎಣಿಸಿದೆ — ನೂರಿಪ್ಪತ್ತು! ಯಂತ್ರ ಚಕಾರವೆತ್ತಲಿಲ್ಲ. ಓದಿ ನೋಡದೆ ಸಹಿ ಹಾಕಿದೆ. ಪಟ್ಟಿ ಕನ್ನಡಕ ತಯಾರಿಸುವವರಿಗೆ ಹೋಯಿತು.

ಮರುದಿನ ನಮ್ಮ ಈ ಗೆಳೆಯರು ಪಟ್ಟಿಯನ್ನು ಕಾಗದದ ಕಟ್ಟಿನೊಡನೆ ಹೋಲಿಸಿ ಓದಿದರು. ಎರಡನೆಯ ಹೆಸರಿಗೇ ದನಿ ನಿಂತಿತು. ಒಂದು ಶಾಲೆಯ ಮಗುವಿಗೆ ಇನ್ನೊಂದು ಶಾಲೆಯ ಮಗುವಿನ ಕನ್ನಡಕ! ಫೋನಿಗೆ ಹಾರಿದರು.

“ಅಣ್ಣಾ, ಗಾಜು ಉಜ್ಜಬೇಡಿ! ದಮ್ಮಯ್ಯ, ನಿಲ್ಸಿ!”

ಉಜ್ಜುವ ಯಂತ್ರಕ್ಕೆ ಆಗತಾನೇ ಗಾಜು ಕೊಡುತ್ತಿದ್ದರಂತೆ. ನಿಂತಿತು.

ಸಂಜೆಯ ಸಭೆಯಲ್ಲಿ ಅಂದಿನ ಪ್ರಾಂಶುಪಾಲರು ಕೇಳಿದರು, “ಯಾರ್ರೀ ಮಾಡಿದ್ದು ಇದು?” ನಾನು ಎದ್ದೆ. ಮಕ್ಕಳ ತಪ್ಪಿಗೆ ಕೆಂಪು ಶಾಯಿ ಸುರಿದ ನಾನು — ಬಾಯಿ ತೆರೆಯಲಿಲ್ಲ. ಪಕ್ಕದಿಂದ ಅವರು ನನ್ನ ಅಂಗಿ ಹಿಡಿದು ಕೂರಿಸಿದರು. “ನಂದೇ ಸಾರ್. ಸರಿಮಾಡಿದೀನಿ.”

ಅಲ್ಲ. ಆ ಸಾಲು ನನ್ನದು. ಆ ತಪ್ಪಿಗಾಗಿ ಹನ್ನೊಂದು ವರ್ಷ ನೀವೆಲ್ಲ ಅವರನ್ನು ಛೇಡಿಸಿದಿರಿ, ನಾನೂ ನಕ್ಕೆ. ಇಂದು ಅವರ ಮಗಳ ಎದುರು ತಿದ್ದುತ್ತಿದ್ದೇನೆ.

ನಿನ್ನೆ ಅವರ ಮನೆಗೆ, ಅಕ್ಕಾವ್ರ ಬಳಿ ಹೋಗಿ ಮೊದಲು ಅವರಿಗೇ ಹೇಳಿದೆ. ಅವರು ನನ್ನ ಮುಖ ನೋಡಿ ನಕ್ಕರು.

“ಅವರು ಮನೇಲಿ ಏನೂ ಹೇಳ್ಲಿಲ್ಲ ಮೇಷ್ಟ್ರೇ. ಆದ್ರೆ ಅವತ್ತು ತುಂಬಾ ಖುಷಿಯಾಗಿ ಊಟ ಮಾಡಿದ್ರು. ತಪ್ಪು ಮಾಡಿದವರು ಹಾಗೆ ಉಣ್ತಾರಾ?”

ಇದಕ್ಕಿಂತ ಹೆಚ್ಚಿನದನ್ನು ನಾನು ಹೇಳಲಾರೆ. ದಯವಿಟ್ಟು ಎಲ್ಲರೂ ಎದ್ದು ನಿಲ್ಲೋಣ. ಎರಡು ನಿಮಿಷ — ಮಾತಿಲ್ಲದೆ, ಅವರೊಡನೆ ಇರೋಣ.