ಮೂರನೇ ರೆಸಿಸ್ಟರ್

ನೀವು ಲೈನು ರಿಪೇರಿ ಮಾಡ್ಲಿಲ್ಲ ಭಾವ. ಎಂಜಿನ್ ಬಾಯಿ ಮುಚ್ಚಿಸಿದ್ರಿ. ಅಷ್ಟೇ ಮಾಡಿದ್ದು.

ಏಳ್ಬೇಡಿ, ಕೂತಿರಿ, ಆ ಡಬ್ಬದ ಮೇಲೇ ಕೂತಿರಿ. ಜಗಳಕ್ಕೆ ಬಂದಿಲ್ಲ ನಾನು... ಸರಿ, ಬಂದಿದ್ದೀನಿ ಅಂತಲೇ ಇಟ್ಕೊಳ್ಳಿ. ಅಕ್ಕನ ಗಂಡ ಅಂತ ಇಷ್ಟು ವರ್ಷ ನಿಮ್ಮ ಮುಂದೆ ದನಿ ಎತ್ತಿಲ್ಲ. ಇವತ್ತೂ ಎತ್ತಲ್ಲ. ನೋಡಿ, ಮೆತ್ತಗೇ ಮಾತಾಡ್ತಿದ್ದೀನಿ. ತಲೆ ಮೇಲೆ ಜನ ಹತ್ತುತ್ತಾ ಇದ್ದಾರೆ, ಕೇಳಿಸ್ತಿದೆಯಲ್ಲ, ಹಲಗೆ ಮೇಲೆ ಕಾಲು? ಲಾಂಚು ಹೊರಡೋಕೆ ಇನ್ನೂ ಸ್ವಲ್ಪ ಹೊತ್ತಿದೆ. ಅಷ್ಟರಲ್ಲಿ ಮುಗಿಸ್ತೀನಿ.

ಯಾರು ಕಳಿಸಿದ್ರು ಅಂತಾನಾ? ಮೀಸೆ ಕಳಿಸಿದ. ಮೇಲೆ ಚುಕ್ಕಾಣಿ ಹಿಡಿಯೋ ನಿಮ್ಮ ಮೀಸೆ. ಕೆಳಗೆ ಹೋಗಿ ಲೈನ್ ಒಂದ್ಸಲ ನೋಡ್ಕೊಂಡು ಬಾ ಅಂದ, ಬಂದೆ. ಬೇರೆ ಏನಿಲ್ಲ.

ಆ ಮೀಟರ್ ಕೊಡಿ ಇಲ್ಲಿ. ನಂದಾ? ನಂದು... ಮನೇಲಿ ಬಿಟ್ಟು ಬಂದೆ. ಕೊಡಿ ಅಂದ್ರೆ.

ಇದೇ ಅಲ್ವಾ ಆ ಲೈನು? ಹಳದಿ ಒಂದು, ಹಸಿರು ಒಂದು, ಜಡೆ ಹಾಗೆ ಹೊಸೆದಿರೋ ಎರಡೇ ಎರಡು ತಂತಿ. ಮೀಸೆ ಮೇಲೆ ಲಿವರ್ ತಳ್ಳಿದ್ರೆ ಆ ಸುದ್ದಿ ಇದರಲ್ಲೇ ಕೆಳಗೆ ಬರ್ಬೇಕು. ಎಂಜಿನ್ ಎಷ್ಟು ಕಾದಿದೆ, ಎಣ್ಣೆ ಒತ್ತಡ ಎಷ್ಟಿದೆ, ಅದೂ ಇದರಲ್ಲೇ ಮೇಲಕ್ಕೆ ಹೋಗ್ಬೇಕು. ಹಳೇ ಲಾಂಚಿನ ಹಾಗೆ ಲಿವರಿಂದ ಎಂಜಿನ್ನಿಗೆ ಉಕ್ಕಿನ ಕೇಬಲ್ ಎಳೆದಿಲ್ಲ ಇದರಲ್ಲಿ. ಈ ಎರಡು ತಂತಿ ಮಾತು ನಿಲ್ಲಿಸಿದ್ರೆ ಮೀಸೆ ಕೈಯಲ್ಲಿ ಉಳಿಯೋದು ಬರೀ ಹಿಡಿ.

ಗೊತ್ತು, ಗೊತ್ತು, ನಿಮಗೆ ಪಾಠ ಹೇಳೋಕೆ ನಾನ್ಯಾರು. ನಂಗೂ ಯಾರೂ ಹೇಳ್ಲಿಲ್ಲ. ಗುಜರಿಗೆ ಬಂದ ಲಾಂಚುಗಳ ಹೊಟ್ಟೆಯೊಳಗೆ ಕೂತು ಬಿಚ್ಚಿ ಬಿಚ್ಚಿ ಕಲಿತವನು ನಾನು. ಆದ್ರೂ ಕೇಳಿ. ಖಾಲಿ ಮನೇಲಿ ಕೂಗಿದ್ರೆ ನಮ್ಮ ದನಿಯೇ ಗೋಡೆಗೆ ಬಡಿದು ವಾಪಸ್ ಬಂದು ಮುಂದಿನ ಮಾತನ್ನ ನುಂಗುತ್ತಲ್ಲ, ಲೈನಿಗೂ ಅದೇ ಕಾಯಿಲೆ. ಅದಕ್ಕೇ ಎರಡು ತುದಿಗೂ ಒಂದೊಂದು ರೆಸಿಸ್ಟರ್ ಇಡೋದು, ಮಾತು ಅಲ್ಲೇ ಇಂಗಿ ಹೋಗ್ಲಿ ಅಂತ. ಮೇಲೆ ಒಂದು, ಇಲ್ಲಿ ಎಂಜಿನ್ ತಣಿಸೋ ಉಪ್ಪುನೀರಿನ ಪಂಪಿನ ಹಿಂದೆ ಒಂದು. ಎರಡೂ ಸರಿ ಇದ್ರೆ ಮೀಟರ್ ಅರವತ್ತು ಓಂ ತೋರಿಸುತ್ತೆ. ಒಂದು ಸತ್ತಿದ್ರೆ ನೂರಿಪ್ಪತ್ತು. ರೆಸಿಸ್ಟರ್ ಹೆಚ್ಚಿದಷ್ಟೂ ಅಂಕಿ ಇಳಿಯುತ್ತೆ.

ಆವತ್ತು ನಿಮಗೆ ನೂರಿಪ್ಪತ್ತು ತೋರಿಸ್ತು. ಹೌದೋ ಅಲ್ವೋ? ಮೇಲೆ ಮೀಸೆ ಮುಂದಿನ ಮೀಟರ್ ಪರದೆ ಕಪ್ಪಾಗ್ತಿತ್ತು, ಬರ್ತಿತ್ತು, ಕಪ್ಪಾಗ್ತಿತ್ತು. ಅಲಾರಂ ಕೂಗ್ತಿತ್ತು. ಜನ ಎದ್ದು ನಿಲ್ಲೋಕೆ ಶುರು ಮಾಡಿದ್ರು. ಲಾಂಚಿನ ಧಣಿ ಬಂದ್ರು, ಮೊದಲು ಆ ಸದ್ದು ನಿಲ್ಲಿಸಿ ಅಂದ್ರು. ಯಾವ ತುದಿ ಸತ್ತಿದೆ ಅಂತ ನಿಮಗೆ ಗೊತ್ತಿತ್ತು ಭಾವ. ಆದ್ರೆ ಅದಕ್ಕೆ ಕೈ ಹಾಕ್ಬೇಕಾದ್ರೆ ಪಂಪು ಬಿಚ್ಚಬೇಕು. ಪಂಪು ಬಿಚ್ಚಿದ್ರೆ ಲಾಂಚು ಕಟ್ಟೆಯಲ್ಲೇ ನಿಲ್ಬೇಕು. ಲಾಂಚು ನಿಂತ್ರೆ ಧಣಿ ಮುಖ ನೋಡ್ಬೇಕು. ಏನು ಮಾಡಿದ್ರಿ? ಜೇಬಿಂದ ಇನ್ನೊಂದು ರೆಸಿಸ್ಟರ್ ತೆಗೆದು ನಡುವಿನ ಪೆಟ್ಟಿಗೆಯಲ್ಲಿ ಸಿಕ್ಕಿಸಿದ್ರಿ. ಮೀಟರ್ ಅರವತ್ತು ಅಂತು. ಟೇಪು ಸುತ್ತಿದ್ರಿ, ಕೈ ಒರೆಸ್ಕೊಂಡ್ರಿ, ಊಟಕ್ಕೆ ಹೋದ್ರಿ.

ನಗು ಬರುತ್ತಾ? ಥರ್ಮಾಮೀಟರ್ ತಣ್ಣೀರಲ್ಲಿ ಅದ್ದಿ, ಮಗುವಿಗೆ ಜ್ವರ ಬಿಡ್ತು ಅನ್ನೋರನ್ನ ಕಂಡ್ರೆ ನಂಗೂ ನಗು ಬರುತ್ತೆ. ಅಂಕಿಗೆ ಔಷಧಿ ಕೊಟ್ರಿ ನೀವು. ತಂತಿಗಲ್ಲ.

ಶ್... ಯಾರೋ ಏಣಿ ಹತ್ರ ಬಂದ್ರು.

ಹೋದ್ರು. ಯಾಕೆ ಬಗ್ಗಿದೆ ಅಂದ್ರಾ? ಸ್ಪ್ಯಾನರ್ ಬಿತ್ತೇನೋ ಅಂದ್ಕೊಂಡೆ. ಬಿದ್ದಿಲ್ಲ. ಸರಿ, ಮುಂದಕ್ಕೆ ಕೇಳಿ.

ಬ್ಯಾಟರಿ ಸ್ವಿಚ್ ಆಫಿದೆ, ಅಲ್ವಾ? ನೋಡಿ ಈಗ. ಅರವತ್ತು. ಲಕ್ಷಣವಾಗಿದೆ, ಧಣಿಗೆ ತೋರಿಸೋ ಹಾಗಿದೆ. ಈಗ ಪಂಪಿನ ಹಿಂದೆ ಎರಡು ಬೆರಳು ತೂರಿಸಿ ಆ ಕೊನೇ ಪ್ಲಗ್ಗನ್ನ ಅಲ್ಲಾಡಿಸ್ತೀನಿ. ಜೋರಾಗಲ್ಲ, ಎಂಜಿನ್ ನಡುಗೋವಷ್ಟೇ. ನೀವು ಮೀಟರ್ ನೋಡ್ತಿರಿ. ಎಷ್ಟು? ಓದಿ ಹೇಳಿ. ಹೇಳಲ್ವಾ? ನಾನೇ ಹೇಳ್ತೀನಿ. ನಲವತ್ತು. ಸತ್ತ ತುದಿ ಪೂರ್ತಿ ಸತ್ತಿಲ್ಲ ಭಾವ, ಒಮ್ಮೆ ಮುಟ್ಟುತ್ತೆ, ಒಮ್ಮೆ ಬಿಡುತ್ತೆ. ಮುಟ್ಟಿದಾಗ ಲೈನಿಗೆ ಮೂರು ರೆಸಿಸ್ಟರ್. ಮಾತಿನ ಕುತ್ತಿಗೆ ಹಿಸುಕಿದ ಹಾಗೆ. ಇನ್ನೊಂದ್ಸಲ ಅಲ್ಲಾಡಿಸ್ಲಾ? ಹದಿನೈದು... ಒಂಬತ್ತು. ಪ್ಲಗ್ಗಿನೊಳಗೆ ಉಪ್ಪುನೀರು ಕೂತಿದೆ. ಹಳದಿಗೂ ಹಸಿರಿಗೂ ನಡುವೆ ನೀರೇ ದಾರಿ ಮಾಡ್ಕೊಂಡಿದೆ. ನನ್ನ ಬೆರಳು ನೋಡಿ, ಕಿಲುಬು. ಮೂಸಿ ನೋಡಿ. ಮುಖ ಆ ಕಡೆ ತಿರುಗಿಸ್ಬೇಡಿ.

ಇದು ಕಟ್ಟೆಯಲ್ಲಿ ಆಗಲ್ಲ. ಎಂಜಿನ್ ಸುಮ್ಮನೆ ತಿರುಗ್ತಿರೋವಾಗಲೂ ಆಗಲ್ಲ. ಮೀಸೆ ಲಿವರ್ ಪೂರ್ತಿ ತಳ್ಳಬೇಕು, ಪಂಪು ನಡುಗಬೇಕು, ಆಗ. ಅವನು ಪೂರ್ತಿ ತಳ್ಳೋದು ಎಲ್ಲಿ? ಸೇತುವೆ ಕೆಳಗೆ. ಇಳಿತದ ನೀರು ಕಂಬಗಳ ಕಡೆಗೆ ಎಳೆಯೋ ಜಾಗದಲ್ಲಿ. ಲಿವರಿಂದ ಸುದ್ದಿ ಬರದಿದ್ರೆ ಎಂಜಿನ್ ಏನು ಮಾಡುತ್ತೆ ಅಂತ ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ತಾನಾಗಿ ಮೆತ್ತಗಾಗುತ್ತೆ. ಅದನ್ನ ಮಾಡಿರೋದೇ ಹಾಗೆ. ಆಮೇಲೆ ಇದು ಲಾಂಚಲ್ಲ, ತೇಲೋ ಕೊರಡು. ಕಂಬಕ್ಕೆ ಅಡ್ಡಡ್ಡ ಹೋಗಿ ಬೀಳುತ್ತೆ. ಮೇಲಿರೋರು ನೀರಿಗಾದ್ರೂ ಹಾರ್ತಾರೆ. ಕೆಳಗಿರೋರು? ಒಂದೇ ಏಣಿ ಇರೋದು ಇಲ್ಲಿ. ನಾನು ಅಕ್ಕನಿಗೆ ಏನಂತ ಹೇಳ್ಲಿ?

ಒಂದ್ಸಲ ಆಗಿಯೂ ಆಗಿದೆ. ಮೀಸೆ ಟೀ ಅಂಗಡೀಲಿ ಎಲ್ಲರ ಮುಂದೆ ಹೇಳ್ತಿದ್ದ, ಸೇತುವೆ ಹತ್ರ ಲಿವರ್ ಮುಂದಿತ್ತು, ಎಂಜಿನ್ ಉಸಿರು ಬಿಟ್ಟ ಹಾಗಾಯ್ತು, ಕಣ್ಣು ಮಿಟುಕಿಸೋದರೊಳಗೆ ಮತ್ತೆ ಹಿಡೀತು ಅಂತ. ನಿದ್ದೆಗಣ್ಣಿರಬೇಕು ನಂಗೆ ಅಂತ ನಕ್ಕ. ತನ್ನ ಕಣ್ಣನ್ನ ಅನುಮಾನಿಸ್ತಾನೆ ಆ ಮನುಷ್ಯ, ನಿಮ್ಮ ರಿಪೇರಿಯನ್ನ ಅನುಮಾನಿಸಲ್ಲ. ಲೈನಿಗೆ ನೀವು ಕೈ ಹಾಕಿದ್ದೀರಿ ಅಂದ್ರೆ ಅವನಿಗೆ ಮುಗೀತು.

ಏನಾದ್ರೂ ಅನ್ನಿ ಭಾವ. ಬೈಯಿರಿ. ಮೀಸೆ ಕಳಿಸಿದ್ರೆ ಹೋಗಿ ಮೀಸೆಗೇ ಹೇಳು, ನನ್ನ ತಲೆ ಯಾಕೆ ತಿಂತೀಯ ಅನ್ನಿ. ಯಾಕೆ ಅನ್ನಲ್ಲ? ಎಲ್ಲಿ ನೋಡ್ತಿದ್ದೀರಿ? ನನ್ನ ಪ್ಯಾಂಟು... ಹೌದು, ಒದ್ದೆ. ಕಟ್ಟೆ ಹತ್ರ ನೀರಿರುತ್ತೆ, ಒದ್ದೆ ಆಗುತ್ತೆ. ಸೊಂಟದ ತನಕ ಯಾರಿಗೂ ಒದ್ದೆ ಆಗಲ್ವಾ?

ಓ.

ನಿಮಗೆ ಗೊತ್ತು. ನಾನು ಇಳಿದಾಗಿಂದ ಗೊತ್ತು. ಸುಮ್ಮನೆ ಕೇಳಿಸ್ಕೊಂಡು ಕೂತ್ರಿ.

ಸರಿ. ಮೀಸೆ ನನ್ನ ಕಳಿಸ್ಲಿಲ್ಲ. ಯಾರೂ ಕಳಿಸ್ಲಿಲ್ಲ. ಬೆಳಿಗ್ಗೆ ಟಿಕೆಟ್ ಕಿಟಕಿ ಮುಂದೆ ಸಾಲಲ್ಲಿ ನಿಂತಿದ್ದೋರಿಗೆಲ್ಲ ಕೇಳೋ ಹಾಗೆ ಹೇಳ್ದೆ, ಈ ಲಾಂಚು ಹತ್ತಬೇಡಿ ಅಂತ. ಧಣಿ ಅಲ್ಲೇ ಕೆಲಸದಿಂದ ತೆಗೆದ್ರು. ಚೀಲ ಕಿತ್ಕೊಂಡ್ರು, ಮೀಟರ್ ಅದರಲ್ಲೇ ಇತ್ತು. ಇವನನ್ನ ಗೇಟಿನೊಳಗೆ ಬಿಡಬೇಡ ಅಂತ ಕಾವಲುಗಾರನಿಗೆ ಹೇಳಿದ್ರು. ಕುಡಿದಿದ್ದಾನೆ ಅಂತ ಜನಕ್ಕೆ ಹೇಳಿದ್ರು. ಜನ ನಕ್ಕು ಟಿಕೆಟ್ ತಗೊಂಡ್ರು. ನಾನು ನೀರಿಗಿಳಿದು ಹಿಂದಿನ ಹಗ್ಗ ಹಿಡಿದು ಹತ್ತಿದೆ, ಕಳ್ಳನ ಹಾಗೆ.

ಧಣಿ ನಿಮ್ಮನ್ನೂ ಕರೆಸಿ ಕೇಳಿದ್ರಂತೆ, ಲೈನ್ ಸರಿ ಇದೆ ತಾನೇ ಅಂತ. ಕಾವಲುಗಾರ ಹೇಳ್ದ. ನೀವು ಆಗ್ಲೂ ಹೀಗೇ ನಿಂತಿದ್ರಂತೆ, ತಲೆ ತಗ್ಗಿಸಿ, ಬಾಯಿ ಬಿಡದೆ. ನೀವು ಸುಮ್ಮನಿದ್ದದ್ದನ್ನೇ ಅವರು ಹೌದು ಅಂತ ತಗೊಂಡ್ರು. ಇಷ್ಟು ಜನ ಹತ್ತಿರೋದು ಆ ಹೌದಿನ ಮೇಲೆ.

ಪ್ಲಗ್ಗು ಕಿತ್ತು ಹೋಗ್ಬಹುದು ನಾನು, ಈಗ್ಲೇ, ಕೈಗೆ ಸಿಕ್ಕಿದೆ. ಕಿತ್ರೆ ಇವನೇ ಹಾಳು ಮಾಡಿದ ಅಂತ ನನ್ನ ಹಿಡ್ಕೊಡ್ತಾರೆ, ಇನ್ಯಾರನ್ನೋ ಕರೆಸಿ ಇನ್ನೊಂದು ರೆಸಿಸ್ಟರ್ ಸಿಕ್ಕಿಸ್ತಾರೆ, ನಾಳೆ ಇದೇ ಲಾಂಚು, ಇದೇ ಕಂಬ. ನನ್ನ ಮಾತಿಗೆ ಇಲ್ಲಿ ಮೂರು ಕಾಸಿನ ಬೆಲೆ ಇಲ್ಲ. ನಿಮ್ಮ ಮಾತಿಗೆ ಇದೆ. ಮೀಸೆ ನಿಮ್ಮ ಮಾತು ಮೀರಿ ಹೊರಡಲ್ಲ.

ಕೇಳಿಸ್ತಾ? ಹಲಗೆ ಎಳೀತಿದ್ದಾರೆ. ನನ್ನ ಮುಖ ನೋಡಿದ್ದು ಸಾಕು. ಏಳಿ ಭಾವ. ಏಣಿ ಹತ್ತಿ. ಜನರ ಮುಂದೆ ನಿಂತು ಬಾಯಿ ಬಿಟ್ಟು ಹೇಳಿ, ಈ ಲಾಂಚು ಇವತ್ತು ಹೋಗಲ್ಲ, ಎಲ್ಲರೂ ಇಳೀರಿ ಅಂತ. ಹೋಗಿ, ಹೇಳಿ.